ಗಾನಯೋಗಿ ಶ್ರೀ ಪಂಚಾಕ್ಷರಿ ಗವಾಯಿಗಳವರು

ಕೊಡಗು ಕಿವಿಯಿಂದ ಕಲಿತ ನಾಡು. ದುಡಿಯ ನಾದಕ್ಕೆ ದನಿಗೂಡಿಸಿ ಹಿರಿಯರು ಹಾಡುತ್ತಿದ್ದ ಹಾಡುಗಳನ್ನು ಕಿರಿಯರು ಪಕ್ಕದಲ್ಲಿ ನಿಂತು ಕೇಳಿ ಕೇಳಿಯೇ ಕಂಠಗತ ಮಾಡಿಕೊಳ್ಳುತ್ತಿದ್ದರು. ನಡಿಕೇರಿಯಂಡ ಚಿಣ್ಣಪ್ಪನವರು ಅವುಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವಾಗಿ ಪ್ರಕಟಿಸುವ ತನಕ ಆ ಹಾಡುಗಳು ಬಹುಮಟ್ಟಿಗೆ ಬಾಯಿಂದ ಬಾಯಿಗೆ, ಕಿವಿಯಿಂದ ಕಿವಿಗೆ ಹರಿದು ಬಂದಂಥವು. ಇಂಥ ನಾಡಿನಲ್ಲಿ ಬೆಳೆದ ಮಕ್ಕಳಿಗೆ, ಅಕ್ಷರದ ಆಕಾರವನ್ನು ಎಂದೂ ಕಣ್ಣಾರೆ ಕಾಣದೆಯೇ ಎರಡು ಸಂಗೀತ ಪದ್ಧತಿಗಳನ್ನು ಕೈವಶ ಮಾಡಿಕೊಂಡು, ತಾವು ಗಳಿಸಿದ ವಿದ್ಯೆಯನ್ನು ತಮ್ಮಂತೆಯೇ ಕಣ್ಣಿಲ್ಲದ ನೂರಾರು ಮಕ್ಕಳಿಗೆ ಧಾರೆಯೆರೆದ ಒಬ್ಬ ಮಹಾನುಭಾವರ ಚರಿತ್ರೆಯು ಪರಕೀಯವೆನಿಸಲಾರದು. ಗದಗಿಗೂ ಮಡಿಕೇರಿಗೂ ದೂರ ಬಹಳ. ಅಲ್ಲಿಯದು ಕಪ್ಪು ಮಣ್ಣಿನ ಬಯಲು, ಇಲ್ಲಿಯದು ಮಂಜು ಕವಿದ ಮಲೆ. ಆದರೆ ಕಣ್ಣಿಲ್ಲದ ಕೂಸನ್ನು ಹೆತ್ತ ತಾಯಿಯ ಸಂಕಟಕ್ಕೆ ಬಯಲು ಮಲೆಗಳೆಂಬ ಭೇದವಿಲ್ಲ.

ಭೇದವಿಲ್ಲವೆಂದರೂ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಬಯಲುಸೀಮೆಯ ಊರುಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಅಂಧ ಬಾಲಕನೊಬ್ಬ ಗೋಡೆ ತಡವುತ್ತಲೇ ಗುಡಿಗೋ ಮಠಕ್ಕೋ ತಲುಪಬಲ್ಲ. ಅವನು ಹಾಡಿದರೆ ಓಣಿಯೆಲ್ಲ ಕೇಳುತ್ತದೆ. ಕೊಡಗಿನಲ್ಲಿ ಹಾಗಲ್ಲ. ಗದ್ದೆಯ ಅಂಚಿಗೊಂದು, ತೋಟದ ನಡುವಿಗೊಂದು ಎಂಬಂತೆ ಮನೆಗಳು ಚದುರಿವೆ. ಮುಂಗಾರು ಕಾಲಿಟ್ಟಿತೆಂದರೆ ಏರುತಗ್ಗಿನ ಹಾದಿಗಳು ಜಾರುತ್ತವೆ, ತೊರೆಗಳು ತುಂಬುತ್ತವೆ. ಕಣ್ಣುಳ್ಳವರೇ ಅಂಜಿ ಹೆಜ್ಜೆಯಿಡುವ ಆ ದಿನಗಳಲ್ಲಿ ಕಣ್ಣಿಲ್ಲದ ಮಗು, ಕಾಲಿನ ಬಲವಿಲ್ಲದ ಹುಡುಗಿ ಮನೆಯ ಒಳಕೋಣೆಯಲ್ಲಿಯೇ ಉಳಿದುಬಿಡುವುದು ಸಹಜವೆಂದು ಎಲ್ಲರೂ ಒಪ್ಪಿಕೊಂಡಿರುತ್ತಾರೆ. ಹೀಗೆ ಒಪ್ಪಿಕೊಳ್ಳದೆ ಇದ್ದವರು ಪಂಚಾಕ್ಷರಿ ಗವಾಯಿಗಳವರು. ಅವರ ಬದುಕನ್ನು ಈ ಸಂಚಿಕೆಯಲ್ಲಿ ಸ್ಮರಿಸುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹಾನಗಲ್ಲು ತಾಲ್ಲೂಕಿನ ಕಾಡಶೆಟ್ಟಿಹಳ್ಳಿ ಒಂದು ಸಣ್ಣ ಗ್ರಾಮ. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಆ ಸೀಮೆ 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ಅಲ್ಲಿಯ ಜಂಗಮ ದಂಪತಿಗಳಾದ ಗುರುಪಾದಯ್ಯ ಮತ್ತು ನೀಲಮ್ಮನವರ ಉದರದಲ್ಲಿ 1892ರಲ್ಲಿ ಜನಿಸಿದ ಶಿಶುವಿಗೆ ಗದಿಗೆಯ್ಯನೆಂದು ಹೆಸರಿಟ್ಟರು. ಶಿಶು ಹುಟ್ಟುಗುರುಡು. ಅದಕ್ಕೂ ಮೊದಲು ಜನಿಸಿದ್ದ ಅಣ್ಣ ಗುರುಬಸಯ್ಯನಿಗೂ ದೃಷ್ಟಿಯಿರಲಿಲ್ಲ. ಬಡತನದ ಮನೆ, ಅದರಲ್ಲಿ ಇಬ್ಬರು ಅಂಧ ಮಕ್ಕಳು. ಅಂದಿನ ಕಾಲದಲ್ಲಿ, ಅಂದಿನ ಕಾಲದಲ್ಲಿ ಮಾತ್ರವೇ ಏಕೆ, ಇಂದಿಗೂ ಅನೇಕ ಕಡೆಗಳಲ್ಲಿ, ಇಂಥ ಮಕ್ಕಳು ಹುಟ್ಟಿದರೆ ಊರಿನ ನಾಲಗೆಯು ಮೊದಲು ತಾಯಿಯ ಕಡೆಗೇ ತಿರುಗುತ್ತದೆ. ಪೂರ್ವಜನ್ಮದ ಪಾಪವೆಂದೂ ಗ್ರಹಣದ ನೆರಳು ತಾಗಿತೆಂದೂ ಬಸುರಿಯಲ್ಲಿ ತಪ್ಪು ನಡೆಯಿತೆಂದೂ ಕಾರಣಗಳು ಹುಟ್ಟಿಕೊಳ್ಳುತ್ತವೆ. ವಂಶದಲ್ಲಿ ಇಳಿದುಬರುವ ಕಣ್ಣಿನ ದೋಷಗಳು ತಂದೆಯ ಕಡೆಯಿಂದಲೂ ತಾಯಿಯ ಕಡೆಯಿಂದಲೂ ಬರಬಲ್ಲವೆಂಬುದನ್ನೂ, ಗರ್ಭಿಣಿಗೆ ತಗಲುವ ಕೆಲವು ಸೋಂಕುಗಳು ಗರ್ಭಸ್ಥ ಶಿಶುವಿನ ಕಣ್ಣನ್ನು ಕೆಡಿಸಬಲ್ಲವೆಂಬುದನ್ನೂ ವೈದ್ಯಶಾಸ್ತ್ರವು ತಿಳಿಸಿಕೊಟ್ಟಿದೆ. ಗ್ರಹಣಕ್ಕೂ ಕುರುಡಿಗೂ ಸಂಬಂಧವಿಲ್ಲ. ಎರಡು ಅಂಧ ಶಿಶುಗಳನ್ನು ಎದೆಗಪ್ಪಿ ಸಾಕಿದ ನೀಲಮ್ಮನವರ ಧೈರ್ಯವನ್ನು ಗವಾಯಿಗಳವರ ಚರಿತ್ರೆಯನ್ನು ಹೇಳುವವರು ಒಂದು ವಾಕ್ಯದಲ್ಲಿ ದಾಟಿಬಿಡುವುದುಂಟು. ಅದು ನ್ಯಾಯವಲ್ಲ.

ಅಣ್ಣತಮ್ಮಂದಿರಿಬ್ಬರಿಗೂ ಒಳ್ಳೆಯ ಕಂಠವಿತ್ತು. ಕೇಳಿದ ಪದಗಳನ್ನು ಕೇಳಿದಂತೆಯೇ ಒಪ್ಪಿಸುವ ಧಾರಣಶಕ್ತಿಯಿತ್ತು. ಇವರ ಹಾಡುಗಾರಿಕೆಯು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಮಹಾಸ್ವಾಮಿಗಳವರ ಕಿವಿಗೆ ಬಿದ್ದುದು ಕನ್ನಡ ನಾಡಿನ ಸಂಗೀತದ ಭಾಗ್ಯವೆನ್ನಬೇಕು. ಶ್ರೀಗಳವರು 1904ರಲ್ಲಿ ವೀರಶೈವ ಮಹಾಸಭೆಯನ್ನೂ, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ತಟದಲ್ಲಿ ಶಿವಯೋಗ ಮಂದಿರವನ್ನೂ ಸ್ಥಾಪಿಸಿದ ದೂರದರ್ಶಿಗಳು. ಹಾಡುವ ಅಂಧ ಬಾಲಕರನ್ನು ಕಂಡವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಮರುಗುತ್ತಾರೆ, ಸೆರಗಿನ ಗಂಟಿನಿಂದ ಒಂದು ಕಾಸು ತೆಗೆದು ಹಾಕುತ್ತಾರೆ, ಮುಂದೆ ನಡೆಯುತ್ತಾರೆ. ಶ್ರೀಗಳವರು ಕಾಸು ಹಾಕಲಿಲ್ಲ, ಗುರುವನ್ನು ಹುಡುಕಿದರು. ಭಿಕ್ಷೆಯ ಹಾಡು ಒಂದು ಹೊತ್ತಿನ ಹಸಿವನ್ನು ನೀಗಿಸೀತು. ಶಾಸ್ತ್ರಬದ್ಧವಾಗಿ ಕಲಿತ ವಿದ್ಯೆಯಾದರೋ ಮನುಷ್ಯನನ್ನು ಇನ್ನೊಬ್ಬರ ಅಂಗಳದಲ್ಲಿ ಕೈಚಾಚಿ ನಿಲ್ಲದಂತೆ ಮಾಡುತ್ತದೆ. ಈ ವ್ಯತ್ಯಾಸವನ್ನು ಮನಗಂಡವರು ಅಂದು ವಿರಳ. ಗದಿಗೆಯ್ಯನಿಗೆ ಪಂಚಾಕ್ಷರಿ ಎಂಬ ಹೆಸರು ದೊರೆತುದೂ ಶ್ರೀಗಳವರ ಅನುಗ್ರಹದಿಂದಲೇ. ಅಣ್ಣ ಗುರುಬಸಯ್ಯನವರ ಹೆಸರು ತಮ್ಮನ ಕೀರ್ತಿಯ ನೆರಳಿನಲ್ಲಿ ಉಳಿದುಹೋಯಿತು.

ಶ್ರೀಗಳವರ ಆಶ್ರಯದಲ್ಲಿ ಪಂಚಾಕ್ಷರಿಯವರು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಅಭ್ಯಾಸಮಾಡಿದರು. ತರುವಾಯ ಗ್ವಾಲಿಯರ್ ಘರಾಣೆಯ ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ ಗಾಯನದ ಶಿಕ್ಷಣವಾಯಿತು. ಮುಂದೆ ಮಹಾಗಾಯಕರೆನಿಸಿದ ಮಲ್ಲಿಕಾರ್ಜುನ ಮನಸೂರರಿಗೂ ಇದೇ ನೀಲಕಂಠಬುವಾ ಅವರು ಗುರುಗಳು. ದಕ್ಷಿಣಾದಿ ಮತ್ತು ಉತ್ತರಾದಿ, ಹೀಗೆ ಎರಡೂ ಪದ್ಧತಿಗಳಲ್ಲಿ ಸಮಾನವಾದ ಅಧಿಕಾರ ಪಡೆಯುವುದು ಕಣ್ಣುಳ್ಳ ವಿದ್ವಾಂಸರಿಗೂ ದುಸ್ಸಾಧ್ಯವಾದುದು. ಒಂದರ ಗಮಕ ಇನ್ನೊಂದರಲ್ಲಿ ದೋಷವಾಗುತ್ತದೆ. ಒಂದರಲ್ಲಿ ಪಳಗಿದ ಕಂಠವನ್ನು ಇನ್ನೊಂದಕ್ಕೆ ಬಾಗಿಸುವುದು ಬೆಳೆದ ಮರವನ್ನು ಬಾಗಿಸಿದಂತೆ. ಗವಾಯಿಗಳವರಾದರೋ ಎರಡನ್ನೂ ಬೇರೆಬೇರೆಯಾಗಿಯೇ ಶುದ್ಧವಾಗಿ ಉಳಿಸಿಕೊಂಡರು. ಉಭಯಗಾನ ವಿಶಾರದರೆಂಬ ಬಿರುದು ಅವರಿಗೆ ಅಲಂಕಾರವಾಗಿ ಬಂದುದಲ್ಲ. ಗಾಯನವಲ್ಲದೆ ತಬಲ, ಹಾರ್ಮೋನಿಯಂ ಮೊದಲಾದ ವಾದ್ಯಗಳಲ್ಲಿಯೂ ಅವರ ಕೈ ಪಳಗಿತು.

ಇಷ್ಟು ವಿದ್ಯೆ ಗಳಿಸಿದವರು ಯಾವುದಾದರೂ ಸಂಸ್ಥಾನದ ಆಸ್ಥಾನವನ್ನು ಸೇರಬಹುದಾಗಿತ್ತು. ನಾಡಿನಲ್ಲಿ ಅಂದು ಸಂಗೀತವನ್ನು ಪೋಷಿಸುವ ಅರಸು ಮನೆತನಗಳಿಗೆ ಕೊರತೆಯಿರಲಿಲ್ಲ. ಗವಾಯಿಗಳವರು ಆ ದಾರಿ ಹಿಡಿಯಲಿಲ್ಲ. ಗುರುಗಳ ಅಪೇಕ್ಷೆಯಂತೆ ಬ್ರಹ್ಮಚರ್ಯವನ್ನು ಕೈಗೊಂಡು, ಅಂಧರೂ ಅನಾಥರೂ ಬಡವರೂ ಆದ ಮಕ್ಕಳಿಗೆ ವಿದ್ಯೆ ಕಲಿಸುವುದೇ ತಮ್ಮ ಕಾಯಕವೆಂದು ನಿಶ್ಚಯಿಸಿದರು. 1914ರ ಸುಮಾರಿಗೆ ಆರಂಭವಾದ ಅವರ ಪಾಠಶಾಲೆಗೆ ಕಟ್ಟಡವಿರಲಿಲ್ಲ. ಅದು ಸಂಚಾರಿ ಸಂಗೀತ ಪಾಠಶಾಲೆ. ಊರಿನಿಂದ ಊರಿಗೆ ನಡೆಯುವ ಶಾಲೆ. ಜಂಗಮ ಎಂಬ ಶಬ್ದಕ್ಕೆ ಚಲಿಸುವುದು ಎಂದೇ ಮೂಲಾರ್ಥ. ಆ ಶಬ್ದವನ್ನು ಜಾತಿಯ ಹೆಸರಾಗಿ ಮಾತ್ರ ಬಳಸಿ ರೂಢಿಯಾದವರಿಗೆ ಗವಾಯಿಗಳವರ ಪಾಠಶಾಲೆಯು ಧಾತ್ವರ್ಥವನ್ನೇ ನೆನಪಿಗೆ ತಂದಿರಬೇಕು.

ಆ ಶಾಲೆಯ ಒಂದು ದಿನವನ್ನು ಊಹಿಸಿಕೊಳ್ಳುವುದು ಸುಲಭವಲ್ಲ. ತಂಬೂರಿ, ತಬಲ, ಪೆಟ್ಟಿಗೆಗಳನ್ನು ಹೊತ್ತ ಗುಂಪು. ಮುಂದಿರುವವನ ಹೆಗಲ ಮೇಲೆ ಹಿಂದಿರುವವನ ಕೈ. ಗುರುವಿಗೂ ಕಣ್ಣಿಲ್ಲ, ಶಿಷ್ಯರಲ್ಲಿ ಹಲವರಿಗೂ ಕಣ್ಣಿಲ್ಲ. ತಂಗಿದ ಊರಿನ ಮಠದಲ್ಲಿಯೋ ಗುಡಿಯ ಪ್ರಾಂಗಣದಲ್ಲಿಯೋ ವಾಸ. ಭಕ್ತರು ನೀಡಿದ ಜೋಳ, ಅಕ್ಕಿ, ಬೇಳೆಗಳಿಂದ ಪ್ರಸಾದ. ಬೆಳಕು ಹರಿಯುವ ಮೊದಲೇ ಸ್ವರಸಾಧನೆ. ಕಣ್ಣಿಲ್ಲದವನಿಗೆ ಬೆಳಕು ಹರಿದರೇನು, ಹರಿಯದಿದ್ದರೇನು ಎಂದು ಕೇಳುವವರು ಉಂಟು. ಬೆಳಗಿನ ರಾಗಕ್ಕೆ ಬೆಳಗಿನ ಹೊತ್ತೇ ಬೇಕು. ಕಂಠಕ್ಕೂ ಆ ಹೊತ್ತಿನ ತಂಪೇ ಬೇಕು. ತಾಳವನ್ನು ತೊಡೆಯ ಮೇಲೆ ತಟ್ಟಿ ತೋರಿಸಬೇಕು. ತಬಲದ ಪಾಠವೆಂದರೆ ಶಿಷ್ಯನ ಬೆರಳುಗಳನ್ನು ಗುರುವು ತನ್ನ ಬೆರಳುಗಳಿಂದ ಹಿಡಿದು ಯಾವ ಬೋಲು ಎಲ್ಲಿ ಹುಟ್ಟುತ್ತದೆಂಬುದನ್ನು ಚರ್ಮದ ಮೇಲೆಯೇ ಕಾಣಿಸುವುದು. ಹಾರ್ಮೋನಿಯಂ ಮನೆಗಳನ್ನು ಎಣಿಕೆಯಿಂದ, ತಂಬೂರಿಯ ತಂತಿಗಳನ್ನು ಮಿಡಿತದಿಂದ ಅರಿಯಬೇಕು. ಅಂಧರಿಗಾಗಿ ಫ್ರಾನ್ಸ್ ದೇಶದ ಲೂಯಿ ಬ್ರೈಲರು ಉಬ್ಬುಚುಕ್ಕೆಗಳ ಲಿಪಿಯನ್ನು 1829ರಲ್ಲಿಯೇ ಪ್ರಕಟಿಸಿದ್ದರೂ ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮದ ಬ್ರೈಲ್ ಲಿಪಿ ರೂಪುಗೊಂಡುದು 1951ರಲ್ಲಿ. ಗವಾಯಿಗಳವರ ಜೀವಿತಕಾಲದಲ್ಲಿ ಅಂಧ ಶಿಷ್ಯನ ಗ್ರಂಥ ಭಂಡಾರವೆಂದರೆ ಅವನ ನೆನಪು ಮಾತ್ರ.

ಗವಾಯಿಗಳವರ ಗುರುಕುಲದ ವೈಶಿಷ್ಟ್ಯವೊಂದನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯ. ಅದು ಅಂಧರಿಗಾಗಿಯೇ ಮೀಸಲಾದ ಶಾಲೆಯಾಗಿರಲಿಲ್ಲ. ಕಣ್ಣುಳ್ಳ ಅನಾಥರು, ಕಣ್ಣುಳ್ಳ ಬಡವರು, ಸಂಗೀತಕ್ಕಾಗಿಯೇ ಬಂದ ಪ್ರತಿಭಾವಂತರು, ಕಣ್ಣಿಲ್ಲದವರು, ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತರು, ಒಂದೇ ಪಂಕ್ತಿಯಲ್ಲಿ ಉಂಡರು. ಸಂಸ್ಥೆಯೊಂದನ್ನು ಕಟ್ಟಿ, ಗೋಡೆಯೆಬ್ಬಿಸಿ, ಅದರೊಳಗೆ ಅಂಗವಿಕಲರನ್ನು ಮಾತ್ರ ಇರಿಸುವುದು ಪಶ್ಚಿಮ ದೇಶಗಳಲ್ಲಿ ಆಗ ರೂಢಿಯಾಗಿತ್ತು. ನಮ್ಮ ದೇಶಕ್ಕೂ ಅದು ಬಂದಿತ್ತು. ಅಂಥ ಸಂಸ್ಥೆಗಳ ಉಪಕಾರವನ್ನು ಅಲ್ಲಗಳೆಯಲಾಗದು. ಅಮೃತಸರದಲ್ಲಿ 1887ರಲ್ಲಿ ಆನಿ ಶಾರ್ಪ್ ಎಂಬ ಮಹಿಳೆಯು ಅಂಧರಿಗಾಗಿ ತೆರೆದ ಶಾಲೆಯು ಭರತಖಂಡದ ಇಂಥ ಶಾಲೆಗಳಿಗೆಲ್ಲ ಹಿರಿಯದೆನಿಸಿದೆ. ಆದರೆ ಬೇರೆಯಾಗಿ ಇರಿಸಿ ಕಲಿಸುವುದು ಒಂದು, ಜೊತೆಯಲ್ಲಿ ಇರಿಸಿ ಕಲಿಸುವುದು ಇನ್ನೊಂದು. ಜೊತೆಯಲ್ಲಿ ಕಲಿತ ಕಣ್ಣುಳ್ಳವನಿಗೆ ಅಂಧನ ಸಾಮರ್ಥ್ಯವೇನೆಂಬುದು ಗೊತ್ತಾಗುತ್ತದೆ. ಅವನು ಜೀವನಪರ್ಯಂತ ಯಾವ ಅಂಧನನ್ನೂ ಕೀಳಾಗಿ ಕಾಣಲಾರ. ನಮ್ಮ ಕಾಲದ ಶಿಕ್ಷಣತಜ್ಞರು ಸಮನ್ವಯ ಶಿಕ್ಷಣವೆಂಬ ಹೆಸರಿನಿಂದ ಬೋಧಿಸುತ್ತಿರುವುದನ್ನು ಗವಾಯಿಗಳವರು ಯಾವ ಹೆಸರೂ ಇಡದೆ ನಡೆಸುತ್ತಿದ್ದರು.

ಹೆಸರಿನ ಪ್ರಸ್ತಾಪ ಬಂದುದರಿಂದ ಒಂದು ಅವಾಂತರದ ಮಾತು. ಅಂಗವಿಕಲರೆಂಬ ಶಬ್ದ ನೋವುಂಟುಮಾಡುತ್ತದೆಂದು ಸರಕಾರದ ಕಾಗದಪತ್ರಗಳಲ್ಲಿ ವಿಕಲಚೇತನರೆಂಬ ಶಬ್ದವನ್ನು ಬಳಕೆಗೆ ತಂದಿದ್ದಾರೆ. ಉದ್ದೇಶ ಒಳ್ಳೆಯದು, ಸಮಾಸ ಮಾತ್ರ ಸರಿಯಿಲ್ಲ. ವಿಕಲವಾದುದು ಅಂಗವೇ ಹೊರತು ಚೇತನವಲ್ಲ. ಕಣ್ಣಿಲ್ಲದೆ ಎರಡು ಗಾನಪದ್ಧತಿಗಳನ್ನು ಕರತಲಾಮಲಕ ಮಾಡಿಕೊಂಡವರ ಚೇತನವನ್ನು ವಿಕಲವೆನ್ನುವ ವೈಯಾಕರಣ ಯಾರು?

ಗವಾಯಿಗಳವರ ಕಣ್ಣುಳ್ಳ ಶಿಷ್ಯರಲ್ಲಿ ಅಗ್ರಗಣ್ಯರು ಧಾರವಾಡ ಸೀಮೆಯ ಯಲಿವಾಳದ ಬಸವರಾಜ ರಾಜಗುರುಗಳು. ಬಾಲಕನ ಕಂಠದ ಗುಣವನ್ನು ಗುರುತಿಸಿ ಗವಾಯಿಗಳವರು ಆತನನ್ನು ತಮ್ಮ ಬಳಿಗೆ ಕರೆದುಕೊಂಡರು. ವಿಜಯನಗರ ಸಾಮ್ರಾಜ್ಯದ ಸ್ಥಾಪನೆಗೆ ಆರುನೂರು ವರ್ಷಗಳು ತುಂಬಿದ ನಿಮಿತ್ತ 1936ರಲ್ಲಿ ಹಂಪೆಯಲ್ಲಿ ಮಹೋತ್ಸವವು ನಡೆದಾಗ ತರುಣ ರಾಜಗುರುಗಳ ಪ್ರಥಮ ಕಛೇರಿ ಅಲ್ಲಿ ಏರ್ಪಟ್ಟಿತು. ತಬಲಕ್ಕೆ ಕುಳಿತವರು ಸ್ವತಃ ಗುರುಗಳು. ಸಂಗೀತ ಪ್ರಪಂಚದ ಒಳಹೊರಗನ್ನು ಬಲ್ಲವರು ಈ ಸಂಗತಿಯ ಮುಂದೆ ಒಂದು ಕ್ಷಣ ನಿಲ್ಲುತ್ತಾರೆ. ಶಿಷ್ಯನು ನಡುವೆ ಕುಳಿತು ಹಾಡುವುದು, ಗುರುವು ಬದಿಗೆ ಸರಿದು ಪಕ್ಕವಾದ್ಯ ನುಡಿಸುವುದು. ಘನತೆ ಗೌರವಗಳ ಲೆಕ್ಕ ಹಾಕುವ ವಿದ್ವಾಂಸರು ಇದಕ್ಕೆ ಒಪ್ಪುವುದು ಅಪರೂಪ. ಗವಾಯಿಗಳವರಿಗೆ ಆ ಲೆಕ್ಕ ತಿಳಿಯದೆಂದಲ್ಲ. ಹುಡುಗ ತಾಳ ತಪ್ಪದಿರಬೇಕು, ಹೆದರದಿರಬೇಕು, ಅಷ್ಟೇ ಅಂದಿನ ಲೆಕ್ಕ. ಹಾಳು ಹಂಪೆಯ ಆ ಭವ್ಯ ಅವಶೇಷಗಳನ್ನು ಕಣ್ಣಿನಿಂದ ಕಾಣದ ಆ ಗುರು, ತಮ್ಮ ಶಿಷ್ಯನು ಸಭೆಯನ್ನು ಗೆದ್ದುದನ್ನು ಕಿವಿಯಿಂದ ಕಂಡರು. ರಾಜಗುರುಗಳು ಮುಂದೆ ದೇಶದ ಮೊದಲ ಪಂಕ್ತಿಯ ಗಾಯಕರಾಗಿ ಬೆಳೆದು 1991ರಲ್ಲಿ ಕೀರ್ತಿಶೇಷರಾದರು. ಅರ್ಜುನಸಾ ನಾಕೋಡರೂ ಇದೇ ಗುರುಕುಲದಿಂದ ಬಂದವರು.

ಅಂಧ ಶಿಷ್ಯರಲ್ಲಿ ಸರ್ವಶ್ರೇಷ್ಠರೆಂದರೆ ಪುಟ್ಟಯ್ಯ, ಅಂದರೆ ಮುಂದೆ ನಾಡೆಲ್ಲ ಭಕ್ತಿಯಿಂದ ನೆನೆಯುವ ಪುಟ್ಟರಾಜ ಗವಾಯಿಗಳು. ಹಾನಗಲ್ಲು ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಈ ಶಿಶುವು ಹುಟ್ಟುಗುರುಡಲ್ಲ. ತಿಂಗಳುಗಳ ಎಳೆಗೂಸಾಗಿದ್ದಾಗ ಬಂದ ಕಣ್ಣಿನ ಬೇನೆಯಿಂದ ದೃಷ್ಟಿ ಹೋಯಿತು. ಎಳವೆಯಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಬಾಲಕನನ್ನು ಸೋದರಮಾವನವರು ಸಾಕಿ ಗವಾಯಿಗಳವರ ಮಡಿಲಿಗೆ ತಂದೊಪ್ಪಿಸಿದರು.

ಗುರುವಿನ ಅಂಧತೆಯನ್ನು ಅಂದಿನ ಯಾವ ವೈದ್ಯನೂ ತಡೆಯಲಾರದೆ ಇದ್ದಿರಬಹುದು. ಶಿಷ್ಯನ ವಿಷಯ ಬೇರೆ. ಕಣ್ಣು ಬಂದ ಎಳೆಗೂಸುಗಳಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆಯದೆ, ಮನೆಮದ್ದೆಂದು ಸೊಪ್ಪಿನ ರಸವನ್ನೋ ಕಾಡಿಗೆಯನ್ನೋ ಹಾಕಿ ಇನ್ನಷ್ಟು ಕೆಡಿಸಿದ ಪ್ರಸಂಗಗಳು ಆ ಕಾಲದಲ್ಲಿ ಅಗಣಿತ. ಸಿಡುಬು ಬಂದು ಹೋದಮೇಲೆ ಕಣ್ಣಿನ ಬೊಂಬೆಯ ಮೇಲೆ ಹೂವು ಬಿದ್ದವರು ಪ್ರತಿ ಊರಿನಲ್ಲಿಯೂ ಇದ್ದರು. ಹಸಿರು ಸೊಪ್ಪು, ಹಾಲು, ತುಪ್ಪಗಳನ್ನು ಕಾಣದ ಬಡಮಕ್ಕಳಿಗೆ ಎ ಜೀವಸತ್ವದ ಅಭಾವದಿಂದ ಮೊದಲು ಇರುಳುಗಣ್ಣು, ಆಮೇಲೆ ಪೂರ್ಣ ಕತ್ತಲೆ. ಇವೆಲ್ಲವೂ ತಡೆಯಬಹುದಾದ ಅಂಧತೆಗಳು. ಸಿಡುಬು ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು 1980ರಲ್ಲಿ ಘೋಷಿತವಾಯಿತು. ಮಕ್ಕಳಿಗೆ ಎ ಜೀವಸತ್ವದ ದ್ರಾವಣ ಕುಡಿಸುವ ಯೋಜನೆ ನಮ್ಮ ದೇಶದಲ್ಲಿ 1970ರಲ್ಲಿಯೂ, ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿಯೂ ಆರಂಭವಾದುವು. ರೆಪ್ಪೆಯ ಒಳಗೆ ಹರಳುಗಟ್ಟಿಸಿ ಕಣ್ಣು ತಿನ್ನುತ್ತಿದ್ದ ಟ್ರಕೋಮಾ ರೋಗವು ಭಾರತದಲ್ಲಿ ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2024ರಲ್ಲಿ ಪ್ರಮಾಣೀಕರಿಸಿತು. ಪುಟ್ಟಯ್ಯನು ಅಂಧನಾದುದರಿಂದಲೇ ನಾಡಿಗೆ ಮಹಾಪುರುಷರೊಬ್ಬರು ದೊರೆತರೆಂದು ಕೆಲವರು ಹೇಳುವುದುಂಟು. ಇದು ಭಕ್ತಿಯ ಮಾತು, ವಿವೇಕದ ಮಾತಲ್ಲ. ಗವಾಯಿಗಳವರ ಬಳಿ ಬಂದು ಸೇರಿದವನು ಒಬ್ಬ ಪುಟ್ಟಯ್ಯ. ಯಾರ ಬಳಿಗೂ ಹೋಗಲಾಗದೆ ಕತ್ತಲಲ್ಲಿಯೇ ಬಾಳು ಸವೆಸಿದವರು ಎಷ್ಟೋ ಮಂದಿ.

ಹಾಗೆ ಉಳಿದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು ಎಂಬುದನ್ನು ಮರೆಯಬಾರದು. ಗವಾಯಿಗಳವರ ಶಿಷ್ಯಪರಂಪರೆಯಲ್ಲಿ ಲೋಕಪ್ರಸಿದ್ಧವಾದ ಹೆಸರುಗಳೆಲ್ಲವೂ ಪುರುಷರವು. ಊರೂರು ಅಲೆಯುವ, ಎಲ್ಲೆಂದರಲ್ಲಿ ತಂಗುವ ಪಾಠಶಾಲೆಗೆ ಅಂಧ ಬಾಲೆಯೊಬ್ಬಳನ್ನು ಕಳುಹಿಸಿಕೊಡುವ ಎದೆಗಾರಿಕೆ ಅಂದಿನ ಯಾವ ತಂದೆತಾಯಿಗೂ ಇರಲಿಲ್ಲ. ಆ ಕಾಲದ ಗರತಿಯರಿಗೆ ಸಂಗೀತವೇ ನಿಷಿದ್ಧವೆಂಬ ಭಾವನೆಯೂ ಬಲವಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಶರಣೆಯರಿಗೆ ಅನುಭವ ಮಂಟಪದ ಬಾಗಿಲು ತೆರೆದಿದ್ದ ಸಮಾಜದಲ್ಲಿ ಏಳುನೂರು ವರ್ಷಗಳ ತರುವಾಯ ಹೀಗಿತ್ತೆಂಬುದು ವಿಷಾದದ ಸಂಗತಿ. ಇದನ್ನು ಗವಾಯಿಗಳವರ ದೋಷವೆನ್ನಲಾಗದು. ಆದರೆ ಅವರು ತೆರೆದ ದಾರಿಯಲ್ಲಿ ಅರ್ಧ ಜನ ನಡೆಯಲಾಗಲಿಲ್ಲವೆಂಬುದು ನಿಜ. ಹೆಣ್ಣೆಂಬ ಕಾರಣಕ್ಕೆ ಒಂದು ಬಾಗಿಲು, ಅಂಧಳೆಂಬ ಕಾರಣಕ್ಕೆ ಮತ್ತೊಂದು ಬಾಗಿಲು ಮುಚ್ಚಿಕೊಂಡಾಗ ಅವಳಿಗೆ ಶಾಲೆಯೂ ಇಲ್ಲ, ವೈದ್ಯನೂ ಇಲ್ಲ. ಬೇನೆ ಬಂದರೆ ಅವಳ ಪರವಾಗಿ ಇನ್ನೊಬ್ಬರು ಮಾತಾಡುತ್ತಾರೆ. ಅವಳ ದೇಹದ ವಿಷಯವನ್ನು ಅವಳನ್ನು ಕೇಳದೆಯೇ ನಿರ್ಣಯಿಸುತ್ತಾರೆ.

ಈ ಅನ್ಯಾಯವನ್ನು ಕಾನೂನು ಹೆಸರು ಹಿಡಿದು ಗುರುತಿಸಿದುದು ಬಹಳ ತಡವಾಗಿ. 2006ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಒಡಂಬಡಿಕೆಯಲ್ಲಿ ಅಂಗವೈಕಲ್ಯವುಳ್ಳ ಸ್ತ್ರೀಯರಿಗಾಗಿಯೇ ಒಂದು ವಿಧಿಯೂ ಆರೋಗ್ಯಕ್ಕಾಗಿಯೇ ಇನ್ನೊಂದು ವಿಧಿಯೂ ಇವೆ. ಭಾರತವು 2007ರಲ್ಲಿ ಅದನ್ನು ಸ್ಥಿರೀಕರಿಸಿತು. 1995ರ ಕಾಯಿದೆಯ ಸ್ಥಾನದಲ್ಲಿ ಬಂದ 2016ರ ಹಕ್ಕುಗಳ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳನ್ನು ಪರಿಗಣಿಸುತ್ತದೆ. ಸ್ತ್ರೀಯರೂ ಮಕ್ಕಳೂ ಇತರರಂತೆಯೇ ತಮ್ಮ ಹಕ್ಕುಗಳನ್ನು ಅನುಭವಿಸುವಂತೆ ನೋಡಿಕೊಳ್ಳುವ ಹೊಣೆಯನ್ನು ಸರಕಾರದ ಮೇಲೆಯೂ ಸ್ಥಳೀಯ ಆಡಳಿತದ ಮೇಲೆಯೂ ಹೊರಿಸುತ್ತದೆ. ಬಸಿರು ಬಾಣಂತನಗಳ ಆರೋಗ್ಯಸೇವೆಯು ಅಂಗವೈಕಲ್ಯವುಳ್ಳ ಸ್ತ್ರೀಯರಿಗೆ ದೊರೆಯಬೇಕೆಂಬುದನ್ನೂ ಸ್ಪಷ್ಟವಾಗಿ ಹೇಳುತ್ತದೆ. ಕಾಯಿದೆ ದಿಲ್ಲಿಯಲ್ಲಿ ಆಗುತ್ತದೆ. ಆಸ್ಪತ್ರೆಯ ಮೆಟ್ಟಿಲು ಮಾತ್ರ ಊರಿನಲ್ಲಿರುತ್ತದೆ. ಮಲೆನಾಡಿನ ಮೆಟ್ಟಿಲುಗಳಂತೂ ಬಲು ಕಡಿದು.

ಗವಾಯಿಗಳವರ ಚರಿತ್ರೆಗೆ ಮರಳೋಣ. ಮಕ್ಕಳು ಹೆಚ್ಚಿದಂತೆ ಅನ್ನದ ಚಿಂತೆಯೂ ಹೆಚ್ಚಿತು. ಬರಿಯ ಭಿಕ್ಷೆಯಿಂದ ಅಷ್ಟು ಹೊಟ್ಟೆಗಳು ತುಂಬಲಾರವು. ಶಿಷ್ಯರು ಸದಾ ಬೇಡಿ ಉಣ್ಣುವುದು ಅವರ ಮನಸ್ಸಿಗೂ ಒಗ್ಗುವಂತಿರಲಿಲ್ಲ. ಆದ್ದರಿಂದ ನಾಟಕ ಮಂಡಳಿಯನ್ನು ಕಟ್ಟಿದರು. ಉತ್ತರ ಕರ್ನಾಟಕದಲ್ಲಿ ಅದು ಕಂಪನಿ ನಾಟಕಗಳ ಉತ್ಕರ್ಷದ ಕಾಲ. ರಂಗಗೀತೆಗಳಿಲ್ಲದೆ ನಾಟಕವಿಲ್ಲ, ಗೀತೆಗೆ ಕಂಠ ಬೇಕು, ಪೇಟಿ ಬೇಕು, ತಬಲ ಬೇಕು. ಕಣ್ಣಿಲ್ಲದವನೂ ಇಲ್ಲಿ ಬೆವರು ಸುರಿಸಿ ತನ್ನ ಅನ್ನವನ್ನು ತಾನೇ ಗಳಿಸಬಹುದಾಗಿತ್ತು. ಕಾಯಕವೆಂಬ ಶಬ್ದದ ಅರ್ಥವೂ ಇದೇ ಅಲ್ಲವೆ? ಮಠದ ಆಶ್ರಯದಲ್ಲಿ ಬೆಳೆದ ಸಾಧಕರೊಬ್ಬರು ನಾಟಕದ ಪರದೆಯ ಹಿಂದೆ ನಿಂತದ್ದನ್ನು ಕಂಡು ಮೂಗು ಮುರಿದವರೂ ಇದ್ದಿರಬಹುದು. ಪುಸ್ತಕದಲ್ಲಿ ಮಡಿಯಾಗಿ ಉಳಿಯುವ ವಿರಕ್ತಿಗಿಂತ ಹಸಿದ ಮಗುವಿನ ತಟ್ಟೆಗೆ ಅನ್ನ ತಂದ ನಾಟಕವೇ ಮೇಲೆಂದು ಒಪ್ಪದಿರುವುದು ಕಷ್ಟ. ಗವಾಯಿಗಳವರ ಸುತ್ತ ಪವಾಡದ ಕಥೆಗಳು ಬಹಳ ಹುಟ್ಟಿಕೊಂಡಿವೆ. ಆದರೆ ಮೂವತ್ತು ವರ್ಷಗಳ ಕಾಲ, ಆಸ್ತಿಯಿಲ್ಲದೆ, ದೃಷ್ಟಿಯಿಲ್ಲದೆ, ಅಷ್ಟು ಮಕ್ಕಳಿಗೆ ಹೊತ್ತು ಹೊತ್ತಿಗೆ ಊಟವಿಟ್ಟು ಪಾಠ ಹೇಳಿದುದಕ್ಕಿಂತ ದೊಡ್ಡ ಪವಾಡ ಆ ಕಥೆಗಳಲ್ಲಿ ಯಾವುದೂ ಇಲ್ಲ.

1930ರಲ್ಲಿ ಹಾನಗಲ್ಲ ಶ್ರೀಗಳವರು ಲಿಂಗೈಕ್ಯರಾದರು. ಬೆನ್ನಿನ ಆಸರೆ ಕಳಚಿಕೊಂಡರೂ ಪಾಠಶಾಲೆಯ ಸಂಚಾರ ನಿಲ್ಲಲಿಲ್ಲ. ಆದರೆ ಅಂಧ ಮಕ್ಕಳು ಎಷ್ಟು ಕಾಲ ಅಲೆಯಬಲ್ಲರು? ಮಳೆಗೆ ನೆನೆದು, ಬಿಸಿಲಿಗೆ ಒಣಗಿ, ಜ್ವರ ಬಂದರೆ ಮಲಗಲು ಒಂದು ಮೂಲೆಯಾದರೂ ಬೇಡವೆ? ನೆಲೆಯೊಂದರ ಅಗತ್ಯವನ್ನು ಗದಗಿನ ಭಕ್ತರು ಅರಿತರು. ವೀರನಾರಾಯಣನ ಸನ್ನಿಧಿಯಿಂದ, ಕುಮಾರವ್ಯಾಸನ ಕಾವ್ಯದಿಂದ ಹೆಸರಾದ ಆ ಪಟ್ಟಣದಲ್ಲಿ ಬಸರಿಗಿಡದ ವೀರಪ್ಪನವರು ಮುಂದೆ ಬಂದು ಆಶ್ರಯವಿತ್ತರು. ದಾನಿಯ ಹೆಸರನ್ನೇ ಧರಿಸಿ ಅದು ವೀರೇಶ್ವರ ಪುಣ್ಯಾಶ್ರಮವೆನಿಸಿತು. ಗವಾಯಿಗಳವರ ಜೀವಿತದ ಕೊನೆಯ ವರ್ಷಗಳು ಅಲ್ಲಿ ಕಳೆದುವು. ಜಂಗಮವಾಗಿದ್ದ ಶಾಲೆ ಹೀಗೆ ಸ್ಥಾವರವಾಯಿತು. ಆದರೂ ಬಾಗಿಲು ಯಾರಿಗೂ ಮುಚ್ಚಲಿಲ್ಲ. ಜಾತಿ ಕೇಳದೆ, ಶುಲ್ಕ ಕೇಳದೆ, ಅನ್ನ, ವಸತಿ, ವಿದ್ಯೆ ಮೂರನ್ನೂ ನೀಡುವ ಕ್ರಮ ಅಲ್ಲಿ ನೆಲೆನಿಂತಿತು.

ನೆಲೆ ದೊರೆತ ಸಂತೋಷವನ್ನು ಗವಾಯಿಗಳವರು ಬಹುಕಾಲ ಅನುಭವಿಸಲಿಲ್ಲ. ಎರಡನೆಯ ಮಹಾಯುದ್ಧದ ದಿನಗಳು. ಧಾನ್ಯ ತುಟ್ಟಿ, ಬಟ್ಟೆ ದುರ್ಲಭ. ದೀರ್ಘಕಾಲದ ಅಲೆದಾಟದಿಂದ ದೇಹ ಬಳಲಿತ್ತು. 1944ರ ಜೂನ್ 11ರಂದು, 52 ವರ್ಷಗಳು ತುಂಬಿದ್ದ ಗವಾಯಿಗಳವರು ಗದಗಿನಲ್ಲಿ ಲಿಂಗೈಕ್ಯರಾದರು. ಧ್ವನಿಮುದ್ರಣದ ಸೌಕರ್ಯ ಎಲ್ಲೆಡೆ ಬರುವ ಮುನ್ನವೇ ಹೋದ ಆ ಕಂಠವನ್ನು ನಮ್ಮ ಕಾಲದವರು ಅವರ ಶಿಷ್ಯರ ಕಂಠದಲ್ಲಿಯೇ ಕೇಳಬೇಕು. ಅವರ ಜೀವನವನ್ನು ಕುರಿತ ಚಲನಚಿತ್ರವು 1995ರಲ್ಲಿ ಬಂದಿತು; ಅದರಲ್ಲಿ ಹಾಡಿದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ರಾಷ್ಟ್ರಪ್ರಶಸ್ತಿ ಸಂದಿತು.

ಗುರುಗಳು ಹೋದಾಗ ಪುಟ್ಟರಾಜರಿಗೆ 30 ವರ್ಷ. ಕಣ್ಣುಳ್ಳ ಶಿಷ್ಯರು ಇರಲಿಲ್ಲವೆಂದಲ್ಲ. ಆದರೆ ಆಶ್ರಮದ ಭಾರ ಕಣ್ಣಿಲ್ಲದ ಶಿಷ್ಯನ ಹೆಗಲಿಗೇ ಬಂದಿತು. ಅಂಧನೊಬ್ಬನು ಹಣಕಾಸು, ಅಡುಗೆಮನೆ, ನಾಟಕ ಮಂಡಳಿ, ಪಾಠ ಪ್ರವಚನ ಇವೆಲ್ಲವನ್ನೂ ಹೇಗೆ ನಡೆಸಿಯಾನು ಎಂದು ಸಂದೇಹಪಟ್ಟವರಿಗೆ ಉತ್ತರ ಹೇಳಲು ಅವರು 66 ವರ್ಷಗಳನ್ನು ತೆಗೆದುಕೊಂಡರು. ಹಲವು ವಾದ್ಯಗಳನ್ನು ನುಡಿಸಿದರು. ಕನ್ನಡ, ಸಂಸ್ಕೃತ, ಹಿಂದಿ ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ನಾಣ್ಯಗಳ ತುಲಾಭಾರಕ್ಕೆ ಕುಳಿತಾಗಲೆಲ್ಲ ತಕ್ಕಡಿಯಲ್ಲಿ ತೂಗಿದ ಹಣವನ್ನು ಆಶ್ರಮದ ಮಕ್ಕಳ ಊಟಕ್ಕೆ ಒಪ್ಪಿಸಿದರು. 2010ರಲ್ಲಿ ಭಾರತ ಸರಕಾರವು ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರೂ ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಕಲ್ಲಯ್ಯಜ್ಜನವರಿಗೆ ಬಂದಿತು. ಗುರುಶಿಷ್ಯರಿಬ್ಬರ ಪುಣ್ಯಸ್ಮರಣೆಯ ದಿನಗಳಲ್ಲಿ ಹಳೆಯ ವಿದ್ಯಾರ್ಥಿಗಳು ನಾಡಿನ ಮೂಲೆಮೂಲೆಗಳಿಂದ ಗದಗಿಗೆ ಬಂದು ಸೇರುತ್ತಾರೆ. ಹಲವರು ಶಾಲೆಗಳಲ್ಲಿ ಸಂಗೀತ ಶಿಕ್ಷಕರು, ಕೆಲವರು ಕೀರ್ತನಕಾರರು, ಕೆಲವರು ಪಕ್ಕವಾದ್ಯಗಾರರು. ಅವರಲ್ಲಿ ಕಣ್ಣುಳ್ಳವರಾರು, ಇಲ್ಲದವರಾರು ಎಂಬುದು ಹಾಡು ಮುಗಿದು ಅವರು ಎದ್ದು ನಡೆಯುವ ತನಕ ತಿಳಿಯುವುದಿಲ್ಲ.